ಅಂತರ್ಜಲ ಮರುಪೂರಣ: ನದಿಗೂ ವನ್ಯಜೀವಿಗಳಿಗೂ ಆಸರೆ

ಮಳೆ ನಿಂತು ಹಲವು ತಿಂಗಳುಗಳು ಕಳೆದ ಮೇಲೂ ಕೆಲವು ನದಿಗಳಲ್ಲಿ ನೀರು ಹರಿಯುತ್ತಿರುತ್ತದೆ. ಹಿಮಾಲಯದ ನದಿಗಳಿಗೆ ಬೇಸಿಗೆಯಲ್ಲಿ ಕರಗುವ ಹಿಮದ ನೆರವು ಉಂಟು. ಆದರೆ ಹಿಮವನ್ನೇ ಕಾಣದ ಬೆಟ್ಟಗಳಲ್ಲಿ ಹುಟ್ಟುವ ನದಿಗಳಿಗೆ ಈ ನೀರು ಒದಗುವುದು ಮುಖ್ಯವಾಗಿ ಭೂಮಿಯ ಒಡಲಿನಿಂದ. ಆದ್ದರಿಂದ ಅಂತರ್ಜಲವು ಬಾವಿಗೂ ಬೆಳೆಗೂ ಮಾತ್ರ ಸಂಬಂಧಿಸಿದ ವಿಷಯವಲ್ಲ. ನದಿಯ ಮೀನು, ದಡದ ಮರ, ಕಾಡಿನ ಪ್ರಾಣಿಪಕ್ಷಿಗಳ ಅಳಿವು ಉಳಿವಿಗೂ ಸಂಬಂಧಿಸಿದ ವಿಷಯವಾಗಿದೆ. ರಾಜಸ್ಥಾನದ ಅರ್ವರಿ ನದಿಯ ಅನುಭವವನ್ನು ಆಧರಿಸಿ ಈ ಸಂಬಂಧವನ್ನು ಇಲ್ಲಿ ವಿವರಿಸಲಾಗಿದೆ.

ತಳಹರಿವು ಎಂದರೇನು?

ನೆಲದ ಮೇಲೆ ಬಿದ್ದ ಮಳೆಯ ಒಂದು ಭಾಗ ಹಳ್ಳಕೊಳ್ಳಗಳ ಮೂಲಕ ಕೂಡಲೇ ಹರಿದುಹೋಗುತ್ತದೆ. ಇನ್ನೊಂದು ಭಾಗ ಆವಿಯಾಗುತ್ತದೆ. ಉಳಿದುದು ಮಣ್ಣಿನಲ್ಲಿ ಇಂಗಿ, ಶಿಲೆಗಳ ಬಿರುಕು ಸಂದುಗಳಲ್ಲಿ ಶೇಖರವಾಗುತ್ತದೆ. ಹೀಗೆ ಶೇಖರವಾದ ನೀರಿನ ಮಟ್ಟವು ನದೀಪಾತ್ರಕ್ಕಿಂತ ಎತ್ತರದಲ್ಲಿದ್ದರೆ, ಆ ನೀರು ನಿಧಾನವಾಗಿ ಜಿನುಗಿ ನದಿಯನ್ನು ಸೇರುತ್ತದೆ. ಇದೇ ತಳಹರಿವು. ಅತಿಯಾಗಿ ನೀರೆತ್ತುವುದರಿಂದ ಅಂತರ್ಜಲದ ಮಟ್ಟವು ಪಾತ್ರಕ್ಕಿಂತ ಕೆಳಗಿಳಿದರೆ ಈ ಕ್ರಮ ತಿರುವುಮುರುವಾಗುತ್ತದೆ. ಆಗ ನದಿಯ ನೀರೇ ನೆಲದೊಳಗೆ ಇಂಗಿಹೋಗಿ, ಮಳೆಗಾಲ ಮುಗಿದೊಡನೆ ಪಾತ್ರವು ಬರಿದಾಗುತ್ತದೆ.

ಅರ್ವರಿಯ ಅನುಭವ

ಅರಾವಳಿ ಬೆಟ್ಟಗಳ ನಡುವಣ ಅಲ್ವರ್ ಜಿಲ್ಲೆಯಲ್ಲಿ ವರ್ಷದ ಮಳೆಯ ಬಹುಭಾಗ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ದಿನಗಳಲ್ಲಿ ಸುರಿಯುತ್ತದೆ. ಇಳಿಜಾರಿನಲ್ಲಿ ಮಣ್ಣಿನ ಅರ್ಧಚಂದ್ರಾಕಾರದ ಒಡ್ಡು ಕಟ್ಟಿ ಈ ನೀರನ್ನು ತಡೆದು ಇಂಗಿಸುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದ್ದಿತು. ಇಂತಹ ಕಟ್ಟೆಗೆ ‘ಜೋಹಡ್’ ಎಂದು ಹೆಸರು. ದಕ್ಷಿಣ ಕನ್ನಡ ಜಿಲ್ಲೆಯ ಗುಡ್ಡಗಳಲ್ಲಿರುವ ‘ಮದಕ’ಗಳನ್ನು ಬಲ್ಲವರಿಗೆ ಈ ಕಲ್ಪನೆ ಹೊಸದೆನಿಸದು. ಕಾಲಕ್ರಮದಲ್ಲಿ ಜೋಹಡ್‌ಗಳು ಹೂಳು ತುಂಬಿ ಹಾಳಾದವು, ಕಾಡು ಕಡಿಮೆಯಾಯಿತು, ಬಾವಿಗಳು ಬತ್ತಿದವು, ದುಡಿಯುವ ವಯಸ್ಸಿನವರು ಊರು ಬಿಟ್ಟು ನಗರಗಳಿಗೆ ಹೋಗತೊಡಗಿದರು.

1985ರಲ್ಲಿ ತರುಣ ಭಾರತ ಸಂಘವು ಈ ಪ್ರದೇಶದಲ್ಲಿ ಕಾರ್ಯಾರಂಭ ಮಾಡಿತು. ಗೋಪಾಲಪುರದಲ್ಲಿ ಹಳೆಯ ಜೋಹಡ್‌ನ ಹೂಳೆತ್ತುವ ಕೆಲಸದಿಂದ ಮೊದಲಾದ ಈ ಪ್ರಯತ್ನವು ಅರ್ವರಿಯ ಮೂಲದ ಬಳಿಯಿರುವ ಭಾಂವತಾ–ಕೋಲ್ಯಾಲಾ ಗ್ರಾಮಗಳಿಗೂ ಹಬ್ಬಿತು. ಗ್ರಾಮಸ್ಥರು ಶ್ರಮದಾನವನ್ನೂ ತಮ್ಮ ಪಾಲಿನ ವೆಚ್ಚವನ್ನೂ ನೀಡಿದರು. ಜಲಾನಯನ ಪ್ರದೇಶದಲ್ಲಿ ನೂರಾರು ಜೋಹಡ್‌ಗಳು ಮತ್ತು ಒಡ್ಡುಗಳು ಎದ್ದವು. ಮೊದಲು ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಮಳೆಗಾಲದ ನಂತರ ಒಣಗಿರುತ್ತಿದ್ದ ಪಾತ್ರದಲ್ಲಿ 1990ರಲ್ಲಿ ಹರಿವು ಕಾಣಿಸಿಕೊಂಡಿತು. 1995ರ ಹೊತ್ತಿಗೆ ಅರ್ವರಿಯು ವರ್ಷವಿಡೀ ಹರಿಯಿತು. ಈ ಕಾರ್ಯದ ನೇತೃತ್ವ ವಹಿಸಿದ ಶ್ರೀ ರಾಜೇಂದ್ರ ಸಿಂಗ್ ಅವರಿಗೆ 2001ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯೂ ದೊರೆತವು.

ವನ್ಯಜೀವಿಗಳು ಮತ್ತು ನೀರು

ಕಾಡಿನಲ್ಲಿ ನೀರಿನ ತಾಣಗಳು ಕೆಲವೇ ಇದ್ದಾಗ ಬೇಸಿಗೆಯಲ್ಲಿ ಪ್ರಾಣಿಗಳೆಲ್ಲ ಅಲ್ಲಿಯೇ ಗುಂಪುಗೂಡುತ್ತವೆ. ಸುತ್ತಲಿನ ಮೇವು ಬೇಗನೆ ಮುಗಿಯುತ್ತದೆ, ರೋಗ ಹರಡಲು ಅವಕಾಶವಾಗುತ್ತದೆ, ಹೊಂಚು ಹಾಕುವ ಕಳ್ಳಬೇಟೆಗಾರರಿಗೂ ಅನುಕೂಲವಾಗುತ್ತದೆ. ನೀರು ಹಲವೆಡೆ ದೊರೆತರೆ ಕಡವೆ, ಜಿಂಕೆ, ನೀಲಗಾಯಿಗಳು ಕಾಡಿನಲ್ಲಿ ಹರಡಿಕೊಂಡು ಮೇಯುತ್ತವೆ. ತೇವಾಂಶವಿರುವ ದಡದಲ್ಲಿ ಹುಲ್ಲು, ಪೊದೆ, ಮರಗಳು ಬೆಳೆಯುತ್ತವೆ. ಉಳಿದ ಮಡುಗಳಲ್ಲಿ ಮೀನು, ಆಮೆ, ಜಲಪಕ್ಷಿಗಳು ನೆಲೆ ಕಾಣುತ್ತವೆ.

ಆದರೆ ನೀರೊಂದೇ ಸಾಲದು. ಇದೇ ಜಿಲ್ಲೆಯ ಸರಿಸ್ಕಾ ಹುಲಿ ರಕ್ಷಿತಾರಣ್ಯದಲ್ಲಿ ಕಳ್ಳಬೇಟೆಯ ಕಾರಣ ಹುಲಿಗಳು ಸಂಪೂರ್ಣವಾಗಿ ಇಲ್ಲವಾದ ಸಂಗತಿ 2005ರಲ್ಲಿ ದೃಢಪಟ್ಟಿತು. 2008ರಲ್ಲಿ ರಣಥಂಭೋರ್‌ನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ಹೀಗೆ ಜಲಸಂರಕ್ಷಣೆಯ ಜೊತೆಗೆ ಕಾಡಿನ ಕಾವಲೂ ಅಷ್ಟೇ ಅಗತ್ಯವಾಗಿದೆ.

ಇಂಗಿಸುವಷ್ಟೇ ಮುಖ್ಯ ಮಿತಬಳಕೆ

ಇಂಗಿಸಿದ ನೀರೆಲ್ಲವನ್ನೂ ಪಂಪುಗಳ ಮೂಲಕ ಮೇಲೆತ್ತಿದರೆ ನದಿಗೆ ಏನೂ ಉಳಿಯುವುದಿಲ್ಲ. ಇದನ್ನು ಮನಗಂಡ ಅರ್ವರಿ ದಂಡೆಯ ಗ್ರಾಮಸ್ಥರು 1999ರಲ್ಲಿ ‘ಅರ್ವರಿ ಸಂಸತ್ತ’ನ್ನು ರಚಿಸಿಕೊಂಡು, ಕಬ್ಬಿನಂತಹ ಹೆಚ್ಚು ನೀರು ಬೇಡುವ ಬೆಳೆಗಳಿಗೆ ತಡೆ ಹಾಕುವ ನಿಯಮಗಳನ್ನು ಮಾಡಿಕೊಂಡರು. ಈ ಸಂಸತ್ತಿಗೆ ಕಾನೂನಿನ ಅಧಿಕಾರವಿರಲಿಲ್ಲ. ಗ್ರಾಮಸ್ಥರ ಒಪ್ಪಿಗೆಯೇ ಅದರ ಬಲವಾಗಿತ್ತು.

ಮರುಪೂರಣಕ್ಕೂ ಒಂದು ಮಿತಿಯುಂಟು. ಅರ್ವರಿ ಕಣಿವೆಯಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಇಂತಹ ಕಟ್ಟೆಗಳಿಂದ ಮಳೆಯ ಸುಮಾರು ಶೇಕಡ 7 ಭಾಗ ಅಂತರ್ಜಲವನ್ನು ಸೇರುತ್ತದೆಂದು ಅಂದಾಜು ಮಾಡಿತು. ಕಟ್ಟೆಗಳ ಸಂಖ್ಯೆ ಅತಿಯಾದರೆ ಕೆಳಭಾಗಕ್ಕೆ ಹರಿಯುವ ನೀರು ಕಡಿಮೆಯಾಗಬಹುದು. ಆದುದರಿಂದ ಇಡೀ ಜಲಾನಯನ ಪ್ರದೇಶವನ್ನು ಒಂದು ಘಟಕವೆಂದು ಭಾವಿಸಿ ಯೋಜನೆ ರೂಪಿಸಬೇಕು. 2019ರ ಡಿಸೆಂಬರ್ 25ರಂದು ಚಾಲನೆ ಪಡೆದ ಅಟಲ್ ಭೂಜಲ ಯೋಜನೆಯು ಕರ್ನಾಟಕ, ಮಹಾರಾಷ್ಟ್ರ, ರಾಜಸ್ಥಾನ ಸೇರಿದಂತೆ ಏಳು ರಾಜ್ಯಗಳಲ್ಲಿ ನೀರಿನ ಬೇಡಿಕೆಯನ್ನು ತಗ್ಗಿಸುವುದಕ್ಕೂ ಒತ್ತು ನೀಡಿದ್ದು ಇದೇ ಕಾರಣದಿಂದ.

ನೆನಪಿಡಬೇಕಾದ ಅಂಶಗಳು

1. ಬೇಸಿಗೆಯ ನದಿಯು ಅಂತರ್ಜಲದ ಮುಂದುವರಿದ ರೂಪ. ಹೊಸ ಕೊಳವೆ ಬಾವಿ ಕೊರೆಯುವ ಮುನ್ನ ಹಳ್ಳದ ಹರಿವಿನ ಬಗೆಗೂ ಯೋಚಿಸಬೇಕು.

2. ಹೊಸ ಕಟ್ಟೆ ಕಟ್ಟುವುದಕ್ಕಿಂತ ಮೊದಲು ಹಳೆಯ ಕೆರೆಕಟ್ಟೆಗಳ ಹೂಳೆತ್ತಿ, ನೀರು ಬರುವ ಕಾಲುವೆಗಳನ್ನು ತೆರವುಗೊಳಿಸುವುದು ಲೇಸು.

3. ನೀರನ್ನು ಎಲ್ಲಿ ತಡೆಯಬೇಕು, ಎಷ್ಟು ಬಳಸಬೇಕು, ನದಿಗೂ ಕಾಡಿಗೂ ಎಷ್ಟು ಬಿಡಬೇಕು ಎಂಬುದನ್ನು ಮೇಲ್ಭಾಗದ ಮತ್ತು ಕೆಳಭಾಗದ ಜನರು ಕೂಡಿ ನಿರ್ಧರಿಸಬೇಕು.

4. ನಗರವಾಸಿಗಳು ಛಾವಣಿಯ ಮಳೆನೀರನ್ನು ಸೋಸಿ ಇಂಗುಗುಂಡಿಗೆ ಬಿಡಬಹುದು. ತಮಿಳುನಾಡಿನಲ್ಲಿ 2003ರಲ್ಲಿಯೇ ಮಳೆನೀರು ಸಂಗ್ರಹವನ್ನು ಎಲ್ಲ ಕಟ್ಟಡಗಳಿಗೂ ಕಡ್ಡಾಯಗೊಳಿಸಲಾಯಿತು. ಆದರೆ ಕೊಳಚೆ ನೀರು ಇಂತಹ ಗುಂಡಿಯನ್ನು ಎಂದಿಗೂ ಸೇರಬಾರದು; ಒಮ್ಮೆ ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವುದು ಬಹು ಕಷ್ಟದ ಕೆಲಸ.