ಗರಸಿನ ಗುಂಡಿಯಲ್ಲಿ ಟಿಟ್ಟಿಭದ ಗೂಡು: 30 ದಿನ ಕಾಯೋದು ಹೇಗೆ?

ಈ ವಾರ ಗೊಬ್ಬರ, ಕೀಟ, ರೋಗದ ಮಾತಿಲ್ಲ. ಹೊಲದ ಪಕ್ಕದ ಗರಸಿನ ಗುಂಡಿಯ ಮಾತು. ಬಯಲುಸೀಮೆಯಲ್ಲಿ ಜಮೀನು ಇರೋ ಹಲವರ ಪಕ್ಕದಲ್ಲಿ ಇಂಥದ್ದೊಂದು ಇರುತ್ತೆ. ರಸ್ತೆಗೆ, ಲೇಔಟಿಗೆ ಗರಸು ತೆಗೆಯೋ ಗುಂಡಿ, ಇಲ್ಲವೇ ಜಲ್ಲಿ ಕ್ರಷರ್.

ನನ್ನ ಜಮೀನು ಶಿರಾ ಕಡೆ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು ಸಾವಯವದಲ್ಲಿ ನುಗ್ಗೆ, ನಿಂಬೆ ಬೆಳೀತಿದ್ದೀನಿ. ತೋಟದ ಆಚೆ ಒಂದು ಎಕರೆ ಬೀಳು, ಅದರಾಚೆ ಗರಸಿನ ಗುಂಡಿ.

ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳು. ಬೀಳಿನಲ್ಲಿ ಕಾಲಿಟ್ಟರೆ ಸಾಕು, ಎರಡು ಕೆಂಪು ಟಿಟ್ಟಿಭಗಳು ತಲೆ ಮೇಲೆ ಸುತ್ತಿ ಕಿರುಚುತ್ತಿದ್ದವು. ಹುಡುಕಿದಾಗ ಬರೀ ನೆಲದ ಮೇಲೆ, ಸಣ್ಣ ಕಲ್ಲುಗಳ ನಡುವೆ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ ಸಿಕ್ಕವು. ಖುಷಿಯಾಗಿ ಗೂಡಿನ ಸುತ್ತ ನಾಲ್ಕು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದೆ. ಹತ್ತಿರ ಕೂತು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಊರ ಹುಡುಗರು ನೋಡೋಕೆ ಬಂದರು. ಮೂರನೇ ದಿನ ಹೋದಾಗ ಚಿಪ್ಪಿನ ಚೂರು ಮಾತ್ರ ಉಳಿದಿತ್ತು. ತಿಂದದ್ದು ಕಾಗೆಯೋ ನಾಯಿಯೋ ಗೊತ್ತಾಗಲಿಲ್ಲ. ದಾರಿ ತೋರಿಸಿದ್ದಂತೂ ನಾನೇ.

ಗುಂಡಿಯೇ ಯಾಕೆ ಬೇಕು ಇವಕ್ಕೆ?

ಟಿಟ್ಟಿಭಕ್ಕೆ ಮರ ಬೇಡ, ಪೊದೆ ಬೇಡ. ಕೂತಲ್ಲಿಂದ ನಾಲ್ಕೂ ದಿಕ್ಕು ಕಾಣಬೇಕು, ಮೊಟ್ಟೆಯ ಬಣ್ಣ ನೆಲದ ಬಣ್ಣದಲ್ಲಿ ಸೇರಿಹೋಗಬೇಕು, ಹತ್ತಿರದಲ್ಲಿ ನೀರಿದ್ದರೆ ಇನ್ನೂ ಒಳ್ಳೇದು. ಬಿಸಿಲು ಹೆಚ್ಚಾದಾಗ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ಗರಸು ತೆಗೆದ ಜಾಗದಲ್ಲಿ ಇದೆಲ್ಲ ಇದೆ. ಅಂದ್ರೆ ಗಣಿ ಹಕ್ಕಿಯನ್ನ ಓಡಿಸೋದಷ್ಟೇ ಅಲ್ಲ, ಕರೆಯುತ್ತೆ ಕೂಡ. ಕರೆದ ಮೇಲೆ ಜೆಸಿಬಿ ಹರಿಸುತ್ತೆ. ತೊಂದರೆ ಇರೋದು ಅಲ್ಲಿ.

ಇಂಥ ನೆಲದಲ್ಲಿ ಹಳದಿ ಟಿಟ್ಟಿಭವೂ ಮೊಟ್ಟೆಯಿಡುತ್ತೆ. ನತ್ತಿಂಗ ಗೂಡೇ ಕಟ್ಟದೆ ನೆಲದ ಮೇಲೆ ಎರಡು ಮೊಟ್ಟೆ ಇಡುತ್ತೆ. ಗೌಜಲಕ್ಕಿ ಹುಲ್ಲಿನ ಬುಡ ಹುಡುಕುತ್ತೆ.

ಎರಡನೇ ಗೂಡು

ಮೊದಲ ಮೊಟ್ಟೆ ಹೋದರೆ ಟಿಟ್ಟಿಭ ಮತ್ತೆ ಇಡುತ್ತೆ. ಏಪ್ರಿಲ್‌ನಲ್ಲಿ ಅದೇ ಬೀಳಿನ ಆಚೆ, ಗುಂಡಿಯ ಅಂಚಿನಲ್ಲಿ ಹೊಸ ಗೂಡು. ಈ ಸಲ ಮೊದಲು ನೋಡಿದ್ದು ನಾನಲ್ಲ, ಟಿಪ್ಪರ್ ಚಾಲಕ. ಮಾರನೇ ವಾರ ಅದೇ ಅಂಚಿನ ಮೇಲ್ಮಣ್ಣು ತೆಗೆಯೋದಿತ್ತು.

ಮೇಸ್ತ್ರಿ ಹತ್ತಿರ ಹೋದೆ. ಜಗಳ ಆಡಲಿಲ್ಲ, ಕೆಲಸ ನಿಲ್ಲಿಸಿ ಅನ್ನಲೂ ಇಲ್ಲ. ‘30 ದಿನ ಈ ಮೂಲೆ ಬಿಟ್ಟು ಆ ಕಡೆಯಿಂದ ತೆಗೀರಿ’ ಅಂದೆ. ಕಾವು ಕೂರೋದು 28ರಿಂದ 30 ದಿನ. ಲೆಕ್ಕ ಕೊಟ್ಟು ಕೇಳಿದ್ದಕ್ಕೆ ಅವರು ಒಪ್ಪಿದರು. ಮೂರು ಮರಿ ಹೊರಬಂದವು, ಒಂದು ಮೊಟ್ಟೆ ಒಡೆಯಲಿಲ್ಲ. ಮರಿ ಒಂದು ದಿನದೊಳಗೇ ಗೂಡು ಬಿಟ್ಟು ಓಡಾಡುತ್ತೆ, ಆದರೆ ಹಾರೋಕೆ ಇನ್ನೂ ಒಂದು ತಿಂಗಳ ಮೇಲೆ ಬೇಕು. ತಾಯಿ ಕೂಗಿದರೆ ಮರಿ ಓಡಲ್ಲ, ಇದ್ದಲ್ಲೇ ನೆಲಕ್ಕೆ ಅಂಟಿ ಕೂರುತ್ತೆ. ಟಿಪ್ಪರ್ ದಾರಿಯಲ್ಲಿ ಅದೇ ಅಪಾಯ. ಒಂದು ಮರಿ ಹಾಗೇ ಹೋಯಿತು. ಎರಡು ಹಾರಿದವು.

ನೀವು ಮಾಡಬಹುದಾದದ್ದು

1. ಮೇಲ್ಮಣ್ಣು ತೆಗೆಯೋದು, ಬೀಳು ಸಮ ಮಾಡೋದು ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಸಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊಟ್ಟೆ, ಮರಿಗಳ ಕಾಲ. ತಡೆಯೋಕೆ ಆಗದಿದ್ದರೆ ಯಂತ್ರ ಇಳಿಸೋ ಮುಂಚೆ ಬೆಳಗ್ಗೆ ಒಮ್ಮೆ ನಡೆದು ನೋಡಿ.

2. ಹಕ್ಕಿ ತಲೆ ಮೇಲೆ ಸುತ್ತಿ ಕೂಗಿದರೆ ಹಿಂದೆ ಸರಿದು, ದೂರದಿಂದ ಫೋನಿನ ಜೂಮ್‌ನಲ್ಲಿ ನೋಡಿ. ಅದು ಎಲ್ಲಿ ಹೋಗಿ ಕೂರುತ್ತೋ ಅಲ್ಲೇ ಗೂಡು. ಬಿಸಿಲಲ್ಲಿ ಮೊಟ್ಟೆ ಬಿಟ್ಟು ಎದ್ದಷ್ಟೂ ಹೊತ್ತು ಒಳಗಿನ ಮರಿಗೆ ಅಪಾಯ.

3. ಗುರುತು ಗೂಡಿನ ಪಕ್ಕ ಬೇಡ. 15-20 ಹೆಜ್ಜೆ ದೂರದಲ್ಲಿ, ವಾಹನ ಬರೋ ದಿಕ್ಕಿಗೆ ಮಾತ್ರ, ನಾಲ್ಕಾರು ದೊಡ್ಡ ಕಲ್ಲು ಇಡಿ. ಚಾಲಕನಿಗೆ ಗೊತ್ತಾದರೆ ಸಾಕು, ಕಾಗೆಗೆ ಗೊತ್ತಾಗಬಾರದು.

4. ಟಿಪ್ಪರ್‌ಗೆ ಒಂದೇ ದಾರಿ ಇರಲಿ. ಮನಸ್ಸಿಗೆ ಬಂದಂತೆ ತಿರುಗಿದರೆ ಉಳಿಯೋ ನೆಲವೇ ಇರಲ್ಲ. ಆ ದಾರಿಗೆ ನೀರು ಹೊಡೆಸಿದರೆ ನಿಮ್ಮ ಬೆಳೆಗೆ ಕೂರೋ ದೂಳೂ ಕಡಿಮೆ.

5. ಗುಂಡಿಯ ಒಂದು ಅಂಚನ್ನಾದರೂ ಇಳಿಜಾರು ಮಾಡಿಸಿ. ಬಿದ್ದ ಮರಿ ಹತ್ತಿ ಬರಬೇಕು. ದನ, ಮಕ್ಕಳಿಗೂ ಅದು ಒಳ್ಳೇದು.

6. ಹಸಿರು ಪಟ್ಟಿ ಅಂತ ಎಲ್ಲ ಕಡೆ ಗಿಡ ನೆಡಬೇಡಿ. ತೋಟಗಾರಿಕೆ ಓದಿದ ನಾನೇ ಹೇಳ್ತಿದ್ದೀನಿ! ಬಯಲಿನ ನಡುವೆ ಮರ ಬಂದರೆ ಕಾಗೆಗೆ ಕೂತು ನೋಡೋ ಜಾಗ ಸಿಕ್ಕಂತೆ. ಗಿಡ ನಿಮ್ಮ ತೋಟದ ಬದುವಿಗೆ, ರಸ್ತೆ ಕಡೆಗೆ ಇರಲಿ. ಕಲ್ಲು ನೆಲ ಕಲ್ಲು ನೆಲವಾಗೇ ಇರಲಿ.

7. ಗೂಡಿನ ಜಾಗ ಸ್ಟೇಟಸ್‌ಗೆ ಹಾಕಬೇಡಿ.

ಕಾನೂನು ಗೊತ್ತಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಅನ್ನೋ ಪದಕ್ಕೆ ಕೊಡೋ ಅರ್ಥದಲ್ಲೇ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡೋದು, ಗೂಡು ಕೆಡಿಸೋದು ಸೇರಿದೆ. ಗರಸು ಉಪಖನಿಜ. ಸ್ವಂತ ಪಟ್ಟಾ ಜಮೀನಿನಿಂದ ತೆಗೆದು ಮಾರೋಕೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ದೀಪಕ್ ಕುಮಾರ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳೂ ಪರಿಸರ ಅನುಮತಿಯ ವ್ಯಾಪ್ತಿಗೆ ಬಂದವು. ಅನುಮತಿ ಪತ್ರಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಬಹುದು. ಅದರ ಷರತ್ತು ಓದಿಕೊಂಡು ಮಾತಾಡಲು ಹೋದರೆ ನಿಮ್ಮ ಮಾತಿಗೆ ತೂಕ ಬರುತ್ತೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೇಳಿ, ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಈ ನೆಲ, ಈ ಹಕ್ಕಿ ಬರೆಸಿ.

ಕೊನೆಗೊಂದು ಮಾತು

ಹೋದ ವರ್ಷ ನನ್ನ ಬೀಳಿನ ಗರಸಿಗೂ ಗಿರಾಕಿ ಬಂದಿದ್ದರು. ಕೊಳವೆಬಾವಿ ಸಾಲ ಇತ್ತು, ಆಸೆ ಆಗಲಿಲ್ಲ ಅಂದ್ರೆ ಸುಳ್ಳು. ಒಂದು ಸಲ ತೆಗೆದರೆ ದುಡ್ಡು ಒಂದೇ ಸಲ, ಗುಂಡಿ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂತ ಅಪ್ಪ ಅಂದರು. ಕೊಡಲಿಲ್ಲ. ಸಾಲ ಇನ್ನೂ ಕಟ್ತಾ ಇದ್ದೀನಿ.

ಪಂಚತಂತ್ರದಲ್ಲಿ ಮೊಟ್ಟೆ ಕೊಚ್ಚಿಕೊಂಡು ಹೋದ ಸಮುದ್ರದ ಮೇಲೇ ಟಿಟ್ಟಿಭ ಜಗಳಕ್ಕೆ ನಿಲ್ಲುತ್ತೆ. ನಮ್ಮ ಗುಂಡಿಯ ಟಿಟ್ಟಿಭಕ್ಕೆ ಅಷ್ಟು ದೊಡ್ಡ ಯುದ್ಧ ಬೇಡ. ಒಂದು ಮೂಲೆ, 30 ದಿನ ಸಾಕು. ಆಮೇಲೆ ಟಿಪ್ಪರ್ ಚಾಲಕರು ಇನ್ನೊಂದು ತಿಂಗಳು ನಿಧಾನ ಹೋದರೆ ಆಯ್ತು. ನಾಳೆ ಬೆಳಗ್ಗೆ ಯಂತ್ರ ಶುರುವಾಗೋ ಮುಂಚೆ ನಿಮ್ಮ ಪಕ್ಕದ ಗುಂಡಿಯ ಅಂಚಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ.