ರಾತ್ರಿ ಹೊಳೆಗೆ ಇಳಿಯಬೇಕೆ? ದಂಡೆಯನ್ನು ಹಗಲೇ ಆರಿಸಿ

ಸಾವಳಗಿ ಭಾಗದಲ್ಲಿ ಕತ್ತಲಾದ ಮೇಲೆ ಕೃಷ್ಣೆಗೆ ಇಳಿಯುವವರು ಮೋಜಿಗಾಗಿ ಇಳಿಯುವುದಿಲ್ಲ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದರು. ನೀರು ನಿಂತಲ್ಲೆಲ್ಲ ಮೋಟರ್‌ಗಳು ಬಂದವು. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಯದಾಗಿ, ಫುಟ್‌ವಾಲ್ವ್‌ಗೆ ಕಸ ಸಿಕ್ಕಿ ಮೋಟರ್ ನೀರೆತ್ತದಿದ್ದರೆ ರೈತ ಆಗಲೇ ನೀರಿಗೆ ಇಳಿಯುತ್ತಾನೆ. ಬಲೆ ಬಿಡುವವರು, ಗ್ರಹಣದ ಸ್ನಾನಕ್ಕೆ ಬರುವವರು, ಸಂಕ್ರಾಂತಿಯ ನಸುಕಿನಲ್ಲಿ ಮೀಯುವವರು ಇನ್ನೊಂದಿಷ್ಟು ಮಂದಿ.

ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ನಡೆಯುವುದನ್ನು ನೀವು ಕೇಳಿರಬಹುದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಈ ಕಸುಬಿನಲ್ಲಿ, ರಾತ್ರಿ ಇಳಿಯುವವರಿಗೆ ಮೊದಲು ಕಲಿಸುವ ಪಾಠವೇ ಹಗಲು ಕಾಣದ ಜಾಗದಲ್ಲಿ ರಾತ್ರಿ ಇಳಿಯಬಾರದು ಎಂಬುದು. ಅಷ್ಟೆಲ್ಲ ಸಲಕರಣೆ ಇದ್ದವರೇ ಇದನ್ನು ಪಾಲಿಸುತ್ತಾರೆ. ಲುಂಗಿ ಮೇಲೆ ಕಟ್ಟಿ ಇಳಿಯುವ ನಮಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

1. ಮೊದಲು ಇಳಿಯದೇ ಕೆಲಸ ಆಗುವಂತೆ ಮಾಡಿ

ಫುಟ್‌ವಾಲ್ವ್‌ಗೆ ಗಟ್ಟಿ ನೈಲಾನ್ ಹಗ್ಗ ಕಟ್ಟಿ, ಅದರ ತುದಿಯನ್ನು ದಂಡೆಯ ಮೇಲಿನ ಗೂಟಕ್ಕೆ ಬಿಗಿಯಿರಿ. ಹೀರುವ ಪೈಪು ಬಾಗುವಂಥದ್ದಾಗಿದ್ದರೆ ಕಸ ಸಿಕ್ಕಾಗ ದಂಡೆಯಿಂದಲೇ ಎಳೆದು ತೆಗೆಯಬಹುದು. ಫುಟ್‌ವಾಲ್ವ್‌ನ ಜಾಲಿಯನ್ನು ತೇಲುವ ಖಾಲಿ ಡ್ರಮ್ಮಿಗೆ ತೂಗುಬಿಟ್ಟರೆ ತಳದ ಕೆಸರು, ಪಾಚಿ ಕಡಿಮೆ ಸಿಗುತ್ತದೆ. ಹಗಲಿನಲ್ಲಿ ಅರ್ಧ ದಿನ ಇದಕ್ಕೆ ಕೊಟ್ಟರೆ ರಾತ್ರಿ ಇಳಿಯುವ ಪ್ರಸಂಗಗಳಲ್ಲಿ ಬಹುಪಾಲು ತಪ್ಪುತ್ತವೆ.

2. ಹತ್ತಿ ಬರುವ ದಾರಿ ನೋಡಿ, ಆಮೇಲೆ ಇಳಿಯುವ ದಾರಿ

ಇಳಿಯುವುದು ಎಲ್ಲಿಂದಲಾದರೂ ಆದೀತು, ಹತ್ತುವುದು ಆಗದು. ಎರೆ ಮಣ್ಣಿನ ದಂಡೆ ನೆನೆದರೆ ಜಾರುತ್ತದೆ. ನೆರೆ ಇಳಿದ ಮೇಲಂತೂ ನೀರು ಕುಡಿದ ದಂಡೆ ಒಳಗೊಳಗೇ ಕೊರೆದುಹೋಗಿ, ಮೇಲೆ ಕಾಲಿಟ್ಟಾಗ ಕುಸಿಯುತ್ತದೆ. ಅಂಚಿನಲ್ಲಿ ಉದ್ದುದ್ದ ಬಿರುಕು ಕಂಡರೆ ಆ ಜಾಗ ಬಿಟ್ಟುಬಿಡಿ. ಮೆಟ್ಟಿಲು ಕಟ್ಟಿದ ಘಾಟು, ಗರಸಿನ ಇಳಿಜಾರು, ದನ ನೀರಿಗೆ ಇಳಿದು ಸವೆದ ದಾರಿ ಆಗಬಹುದು. ಸೆಳವು ಕೆಳಕ್ಕೆ ಒಯ್ದರೆ ಹತ್ತಲು ಕೆಳಗಡೆಯೂ ಅಂಥದೇ ಇನ್ನೊಂದು ಜಾಗ ಇರಬೇಕು.

3. ತಳವನ್ನು ಕೋಲಿನಿಂದ ಅಳೆಯಿರಿ

ಉದ್ದನೆಯ ಬಿದಿರು ಹಿಡಿದು, ಹೆಜ್ಜೆಗೊಮ್ಮೆ ಮುಂದೆ ಊರುತ್ತ ಹೋಗಿ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳವಾದ ಮಡುವಾಗುತ್ತದೆ. ಹುದುಲಿದ್ದರೆ ಕೋಲು ತಾನಾಗಿ ಇಳಿಯುತ್ತದೆ. ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ, ಮುಳ್ಳುಕಂಟಿಗಳಿಗೆ ಕಾಲೂ ಬಲೆಯೂ ಸಿಗುತ್ತವೆ. ಜಲಾಶಯ 519.60 ಮೀಟರ್ ತುಂಬಿದಾಗ ಕಾಣದ ಇವು ಬೇಸಿಗೆಯಲ್ಲಿ ಹೊರಗೆ ಬೀಳುತ್ತವೆ. ಆಗಲೇ ನೋಡಿ ಗುರುತು ಮಾಡಿಕೊಳ್ಳಿ.

4. ಸೆಳವು, ಏರಿಕೆ ಎರಡನ್ನೂ ಪರೀಕ್ಷಿಸಿ

ಒಣ ಕಡ್ಡಿ ಎಸೆದು ಅದರ ಪಕ್ಕದಲ್ಲೇ ದಂಡೆಯ ಮೇಲೆ ನಡೆಯಿರಿ. ಕಡ್ಡಿ ನಿಮ್ಮನ್ನು ಹಿಂದೆ ಹಾಕಿದರೆ ಅಂದು ಇಳಿಯುವಂತಿಲ್ಲ. ಜೋರು ಹರಿವಿದ್ದರೆ ಮೊಣಕಾಲುದ್ದದ ನೀರೂ ಆಳನ್ನು ಕೆಡವುತ್ತದೆ. ಏರಿಕೆ ತಿಳಿಯಲು ನೀರಿನ ಅಂಚಿಗೆ ಸರಿಯಾಗಿ ಗೂಟ ಹೊಡೆಯಿರಿ. ಕಾಲು ತಾಸಿನಲ್ಲಿ ಗೂಟದ ಬುಡ ಮುಳುಗಿದ್ದರೆ ಮೇಲಿನಿಂದ ನೀರು ಬಿಟ್ಟಿದ್ದಾರೆ ಎಂದರ್ಥ. ಹಿಪ್ಪರಗಿ, ಚಿಕ್ಕಪಡಸಲಗಿ, ಗಲಗಲಿ ಬ್ಯಾರೇಜ್‌ಗಳ ಹತ್ತಿರ ಎರಡೂ ಬದಿ ನಿಷಿದ್ಧ: ಮೇಲ್ಗಡೆ ಗೇಟು ಒಳಗೆ ಸೆಳೆಯುತ್ತದೆ, ಕೆಳಗಡೆ ಧುಮುಕಿದ ನೀರು ಈಜುಗಾರನನ್ನೂ ಅಲ್ಲಲ್ಲೇ ತಿರುಗಿಸಿ ಮುಳುಗಿಸುತ್ತದೆ. ಮುಧೋಳದವರು ಘಟಪ್ರಭೆಗೂ ಇದೇ ಲೆಕ್ಕ ಹಿಡಿಯಬೇಕು, ಅಲ್ಲಿ ಹಿಡಕಲ್ ಜಲಾಶಯದಿಂದ ಬಿಡುವ ನೀರನ್ನು ಗಮನಿಸಬೇಕು.

5. ಮೊಸಳೆಯ ಗುರುತು

ಕೃಷ್ಣೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಹಗಲಲ್ಲಿ ಮರಳದಿಬ್ಬದ ಮೇಲೆ ಬಿಸಿಲು ಕಾಯುತ್ತವೆ, ರಾತ್ರಿ ಬೇಟೆಗೆ ಇಳಿಯುತ್ತವೆ. ಕೆಸರಿನ ಮೇಲೆ ಹೊಟ್ಟೆ ಎಳೆದ ನುಣುಪಾದ ಜಾಡು, ಅದರ ಎರಡೂ ಬದಿಗೆ ಉಗುರಿನ ಗುರುತು ಕಂಡರೆ ಆ ದಂಡೆ ಬೇಡ. ಬೇಸಿಗೆ ಮೊಟ್ಟೆಯ ಕಾಲ, ಗೂಡು ಕಾಯುವ ಮೊಸಳೆ ದಂಡೆಯ ಮೇಲೂ ಬೆನ್ನಟ್ಟೀತು. ರಾತ್ರಿ ಬ್ಯಾಟರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೀರಿನ ಮೇಲೆ ನಿಧಾನವಾಗಿ ತಿರುಗಿಸಿ. ಕೆಂಡದಂತೆ ಹೊಳೆಯುವ ಚುಕ್ಕಿ ಕಂಡರೆ ಹಿಂದೆ ಸರಿಯಿರಿ. ಚುಕ್ಕಿ ಕಾಣದ ಮಾತ್ರಕ್ಕೆ ಮೊಸಳೆ ಇಲ್ಲವೆಂದಲ್ಲ, ಮುಳುಗಿದ ಮೊಸಳೆಯ ಕಣ್ಣು ಕಾಣಿಸದು. ಮೀನಿನ ಕಸ, ಸತ್ತ ದನ ಎಸೆಯುವ ಜಾಗದ ಹತ್ತಿರವೂ ಸುಳಿಯಬೇಡಿ.

6. ಕರೆಂಟು ತೆಗೆಯಿರಿ, ಎರಡು ದೀಪ ಇಡಿ

ನೀರಿಗೆ ಇಳಿಯುವ ಮುನ್ನ ಸ್ಟಾರ್ಟರ್ ಬಂದ್ ಮಾಡಿದರೆ ಸಾಲದು. ಆಟೋಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ಮೋಟರ್ ತಾನೇ ಓಡುತ್ತದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೊತೆಗಾರನ ಕೈಗೆ ಕೊಡಿ.

ಕತ್ತಲಲ್ಲಿ ನೀರಿನಿಂದ ತಿರುಗಿ ನೋಡಿದರೆ ಎಲ್ಲ ದಂಡೆಯೂ ಒಂದೇ ಥರ ಕಾಣುತ್ತದೆ. ಆದ್ದರಿಂದ ಒಂದು ದೀಪವನ್ನು ನೀರಿನಂಚಿಗೆ, ಇನ್ನೊಂದನ್ನು ಅದರ ನೇರ ಹಿಂದೆ ಎತ್ತರದಲ್ಲಿ ಇಡಿ. ಎರಡೂ ಒಂದರ ಮೇಲೊಂದು ಕಂಡರೆ ನೀವು ಹತ್ತುವ ದಾರಿಯ ಎದುರಿಗೇ ಇದ್ದೀರಿ. ಬಿಡಿಬಿಡಿಯಾಗಿ ಕಂಡರೆ ಸೆಳವು ನಿಮ್ಮನ್ನು ಸರಿಸಿದೆ.

7. ಒಬ್ಬರೇ ಇಳಿಯಬೇಡಿ

ದಂಡೆಯ ಮೇಲೊಬ್ಬ ಇರಲೇಬೇಕು. ಅವನ ಬಳಿ ಹಗ್ಗ, ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್, ಚಾರ್ಜ್ ಇರುವ ಮೊಬೈಲ್ ಇರಲಿ. ನೀರಲ್ಲಿದ್ದವನು ಕೂಗಿದರೆ ಧುಮುಕಬಾರದು, ಕ್ಯಾನ್ ಎಸೆದು ಎಳೆಯಬೇಕು. ಮುಳುಗುವವನು ಹತ್ತಿರ ಬಂದವನನ್ನೇ ತಬ್ಬಿ ಒಳಗೆ ಎಳೆಯುತ್ತಾನೆ. ಹೀಗೆ ಒಬ್ಬನ ಬೆನ್ನಿಗೆ ಇನ್ನೊಬ್ಬ ಹೋದ ಮನೆಗಳು ಹೊಳೆಸಾಲಿನಲ್ಲಿ ಅಪರೂಪವಲ್ಲ.

ಮೇಲೆ ತಂದವನಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಗಟ್ಟಿಯಾಗಿ 30 ಸಲ ಒತ್ತಿ, ಮತ್ತೆ 2 ಉಸಿರು ಕೊಡಿ. ಆಂಬುಲೆನ್ಸ್ ಬರುವವರೆಗೆ ಬಿಡದೆ ಮಾಡಿ. 108 ಅಥವಾ 112ಕ್ಕೆ ಇನ್ನೊಬ್ಬರು ಕರೆ ಮಾಡಲಿ.

ಮಹಾಪೂರದಲ್ಲಿ ಯಾವ ದಂಡೆಯೂ ಸುರಕ್ಷಿತವಲ್ಲ

2005, 2019ರ ನೆರೆ ಕಂಡವರಿಗೆ ಗೊತ್ತು, ಕೊಯ್ನಾ ಕಡೆ ಮಳೆ ಸುರಿದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. ಆಗ ಮೋಟರ್ ಬಿಚ್ಚಿ ತರಲು ರಾತ್ರೋರಾತ್ರಿ ಓಡುವುದೇ ದೊಡ್ಡ ಅಪಾಯ. ಮಳೆಗಾಲ ಹಿಡಿಯುವ ಮೊದಲೇ ಮೋಟರನ್ನು ಎತ್ತರಕ್ಕೆ ಸಾಗಿಸಿ. ಡಂಗುರ ಸಾರಿದ ಮೇಲೆ ಅದು ಮುಳುಗಿದರೆ ಮುಳುಗಲಿ, ಕಾಯಲ್ ಸುಟ್ಟರೆ ಮತ್ತೆ ಸುತ್ತಿಸಬಹುದು.

ಮೇಲಿನ ಏಳರಲ್ಲಿ ಒಂದು ಕೂಡಿಬರದಿದ್ದರೂ ಬೆಳಗಿನವರೆಗೆ ಕಾಯಿರಿ. ಒಂದು ಪಾಳಿಯ ನೀರು ತಪ್ಪಿದ ಮಾತ್ರಕ್ಕೆ ಕಬ್ಬು ಒಣಗುವುದಿಲ್ಲ.