ಕೆಲಸವಿಲ್ಲದ ಹಗ್ಗ

ಮರದ ಹಾಯಿಹಡಗಿನ ಪ್ರತಿಕೃತಿಯನ್ನು ಕಟ್ಟುವವನಿಗೆ ಅದರ ಒಡಲು ಪೂರ್ಣವಾದ ದಿನವೇ ಅತ್ಯಂತ ಅಪಾಯದ ದಿನವೆಂಬುದು ಆರು ವರ್ಷಗಳ ಹಿಂದೆ ನನಗೆ ತಿಳಿದಿರಲಿಲ್ಲ. ಅಡಿಮರದ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ, ತೆಳುವಾದ ಹಲಗೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಾಗಿಸಿ, ಒಂದೊಂದಾಗಿ ಹೊದಿಸಿ, ಹದಿನಾಲ್ಕು ತಿಂಗಳ ಸಂಜೆಗಳನ್ನು ಅದಕ್ಕೆ ಒಪ್ಪಿಸಿದ ತರುವಾಯ, ಕುಂಬಾರಕೊಪ್ಪಲಿನ ನನ್ನ ಮನೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಆ ಒಡಲು ನಿಂತಾಗ, ಮುಖ್ಯವಾದುದೆಲ್ಲವೂ ಮುಗಿಯಿತು, ಇನ್ನುಳಿದುದು ಅಲಂಕಾರ ಮಾತ್ರ ಎಂದು ನಾನು ಭಾವಿಸಿದೆ. ಮುಂದೆ ನಾನು ಮಾಡಿದ ತಪ್ಪುಗಳೆಲ್ಲಕ್ಕೂ ಆ ಭಾವನೆಯೇ ಮೂಲವಾಯಿತು. ಉಳಿದ ಕೆಲಸಕ್ಕೆ ಮತ್ತೆ ಹದಿನಾರು ತಿಂಗಳು ಹಿಡಿಯಿತು. ಆ ಹದಿನಾರು ತಿಂಗಳಲ್ಲಿ ಕಲಿತುದನ್ನು ನನ್ನಂತೆ ಈ ಕೆಲಸಕ್ಕೆ ಕೈಹಾಕುವವರ ಮುಂದೆ ಇಡುವುದೇ ಈ ಬರೆಹದ ಉದ್ದೇಶ.

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ, ಅದರಲ್ಲಿಯೂ ಮಣ್ಣಿನ ಕಾಯಕದಿಂದ ಹೆಸರು ಪಡೆದು ಈಗ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಮಗ್ಗುಲಿನಲ್ಲಿ ನೆಲೆಸಿರುವ ಈ ಕೊಪ್ಪಲಿನಲ್ಲಿ, ಹಡಗಿಗೇನು ಕೆಲಸವೆಂದು ಕೇಳಿದವರುಂಟು. ನಾನು ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದವನು. ಲೋಹದ ಅಳತೆ ನನಗೆ ತಿಳಿದಿತ್ತು, ಮರದ ಸ್ವಭಾವ ತಿಳಿದಿರಲಿಲ್ಲ. ನಿವೃತ್ತನಾದ ಮೇಲೆ ಕೈಗೆ ಕೆಲಸ ಬೇಕೆನಿಸಿತು. ಬೀದಿಯಲ್ಲಿ ಕೆಡವಿದ ಹಳೆಯ ಮನೆಯೊಂದರ ತೇಗದ ಕಿಟಕಿ ಚೌಕಟ್ಟುಗಳು ಅಗ್ಗವಾಗಿ ದೊರೆತುವು. ಸಮುದ್ರ ನಮಗೆ ದೂರವಾದರೂ ಹಡಗಿನ ಮರ ನಮಗೆ ದೂರವಲ್ಲ. ಮಲಬಾರಿನ ತೇಗದಿಂದ ವಾಡಿಯಾ ಮನೆತನದವರು ಮುಂಬಯಿಯಲ್ಲಿ ಕಟ್ಟಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿರುವುದು ಪಶ್ಚಿಮಘಟ್ಟದ ತೇಗದ ಸತ್ತ್ವಕ್ಕೆ ಸಾಕ್ಷಿ. ಕೊಡಗಿನಲ್ಲಿಯೂ ಕನ್ನಡ ಜಿಲ್ಲೆಗಳ ಘಟ್ಟದ ಕಾಡುಗಳಲ್ಲಿಯೂ ನೆಟ್ಟನೆ ಬೆಳೆಯುವ ಸುರಹೊನ್ನೆಯ ಜಾತಿಯ ಮರಗಳನ್ನು ಹಡಗಿನ ಕೂವೆಮರಕ್ಕಾಗಿಯೇ ಕಡಿದು ಕರಾವಳಿಗೆ ಸಾಗಿಸುತ್ತಿದ್ದ ಕಾಲವೊಂದಿತ್ತು.

ಕಟ್ಟುವುದಾದರೆ ಪರದೇಶದ ಯುದ್ಧನೌಕೆಯನ್ನಲ್ಲ, ನಮ್ಮ ಕರಾವಳಿಯ ಪತ್ತೆಮಾರಿಯನ್ನು ಕಟ್ಟಬೇಕೆಂದು ನಿಶ್ಚಯಿಸಿದೆ. ಮಂಗಳೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರಗಳಿಂದ ಅಕ್ಕಿ, ತೆಂಗು, ಮೆಣಸು, ಹೆಂಚುಗಳನ್ನು ಹೇರಿಕೊಂಡು ಮುಂಬಯಿಯವರೆಗೆ ಹೋಗಿಬರುತ್ತಿದ್ದ ಸರಕುನೌಕೆ ಅದು. ಮುಂದಕ್ಕೆ ಬಾಗಿದ ಎರಡು ಕೂವೆಮರಗಳು. ಒಂದೊಂದಕ್ಕೂ ಓರೆಯಾಗಿ ತೂಗುವ ಉದ್ದನೆಯ ಅಡ್ಡಮರ. ಅದಕ್ಕೆ ಕಟ್ಟಿದ ತ್ರಿಕೋನಾಕಾರದ ಹಾಯಿ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಕಂಡವರಿಗೆ ಆ ಕುಲದ ಪರಿಚಯವಿದೆ. ಆದರೆ ಅವುಗಳಿಗೆ ಈಗ ಯಂತ್ರವೇ ಆಧಾರ. ನಾನು ಆರಿಸಿಕೊಂಡ ಅಳತೆ 1:50. 23 ಮೀಟರ್ ಉದ್ದದ ನೌಕೆ ನನ್ನ ಮೇಜಿನ ಮೇಲೆ 46 ಸೆಂಟಿಮೀಟರ್ ಆಯಿತು.

ಮೊದಲನೆಯ ಪಾಠವನ್ನು ಕಲಿಸಿದುದು ಈ ಅಳತೆಯೇ. ಒಡಲನ್ನು ಕಟ್ಟುವಾಗ ಅಳತೆಯನ್ನು ನಿಷ್ಠೆಯಿಂದ ಪಾಲಿಸಿದವನು ಸಣ್ಣ ವಸ್ತುಗಳಿಗೆ ಬಂದಾಗ, ಅವು ಸಣ್ಣವೆಂಬ ಕಾರಣದಿಂದಲೇ, ಕಣ್ಣಂದಾಜನ್ನು ನೆಚ್ಚಿದೆ. ಅಂಗಡಿಯಲ್ಲಿ ದೊರೆತ ಹಿತ್ತಾಳೆಯ ಗುಂಡುಮೊಳೆಗಳನ್ನು ಹಲಗೆಗಳ ಅಂಚಿಗೆ ಸಾಲಾಗಿ ಹೊಡೆದೆ. ನೋಡಲು ಅಂದವಾಗಿಯೇ ಇತ್ತು. ಕೆಲವು ದಿನಗಳಾದ ಮೇಲೆ ಲೆಕ್ಕ ಹಾಕಿದಾಗ, ಎರಡು ಮಿಲಿಮೀಟರ್ ಅಗಲದ ಆ ಮೊಳೆಯ ತಲೆ ನಿಜವಾದ ನೌಕೆಯಲ್ಲಿ ಹತ್ತು ಸೆಂಟಿಮೀಟರ್ ಆಗುವುದೆಂದು, ಎಂದರೆ ಊಟದ ಮನೆಯ ಸಣ್ಣ ತಟ್ಟೆಯಷ್ಟಾಗುವುದೆಂದು, ಮನವರಿಕೆಯಾಯಿತು. ಅಂದಿನಿಂದ ದಪ್ಪ ಕಾಗದದಲ್ಲಿ 33 ಮಿಲಿಮೀಟರ್ ಎತ್ತರದ ಮನುಷ್ಯಾಕೃತಿಯೊಂದನ್ನು ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಂಡೆ. ಯಾವುದೇ ವಸ್ತುವನ್ನು ಅಂಟಿಸುವ ಮುನ್ನ ಆ ನಾವಿಕನನ್ನು ಅದರ ಪಕ್ಕದಲ್ಲಿ ನಿಲ್ಲಿಸಿ, ಈ ತೊಟ್ಟಿಯನ್ನು ಇವನು ಎತ್ತಬಲ್ಲನೇ, ಈ ಚುಕ್ಕಾಣಿಯ ಹಿಡಿಯನ್ನು ಇವನ ಕೈ ಮುಟ್ಟಬಲ್ಲುದೇ ಎಂದು ನೋಡುವುದು ನನಗೆ ನಿಯಮವಾಯಿತು. ಅಳತೆಪಟ್ಟಿ ಹೇಳದ ತಪ್ಪನ್ನು ಆ ಕಾಗದದ ಮನುಷ್ಯ ಹೇಳುತ್ತಾನೆ.

ಎರಡನೆಯ ಪಾಠ ಹೊಳಪಿನದು. ಒಡಲಿಗೆ ಅರಗಿನ ಪಾಲಿಶನ್ನು ಐದಾರು ಸಲ ಬಳಿದು, ಮುಖ ಕಾಣುವಂತೆ ತಿಕ್ಕಿ, ಹೆಮ್ಮೆಯಿಂದ ಮಂಡಿ ಮೊಹಲ್ಲೆಯ ಕುಶಲಕರ್ಮಿಯೊಬ್ಬರಿಗೆ ತೋರಿಸಿದೆ. ಬೀಟೆಯ ಹಲಗೆಯಲ್ಲಿ ಹಲಸು, ಹಾಲೆ, ಹೊನ್ನೆಗಳ ಚೂರುಗಳನ್ನು ಹುದುಗಿಸಿ ಚಿತ್ರ ಬಿಡಿಸುವ ಮೈಸೂರಿನ ಕೆತ್ತನೆಯ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದವರು ಅವರು. ಬಹಳ ಹೊತ್ತು ಮೌನವಾಗಿ ನೋಡಿ, "ಪೆಟ್ಟಿಗೆ ಆದ್ರೆ ಹೊಳೀಬೇಕು ಸಾರ್, ಇದು ನೀರಲ್ಲಿ ಓಡೋದಲ್ವಾ?" ಎಂದರು. ಹೊಳಪು ನೋಟವನ್ನು ತಡೆದು ನಿಲ್ಲಿಸುತ್ತದೆ. ಮರದ ಎಳೆಗಳು ಕಾಣಬೇಕಾದಲ್ಲಿ ದೀಪದ ಬೆಳಕೇ ಕಾಣುತ್ತದೆ. ಅವರ ಸೂಚನೆಯಂತೆ ಅತಿ ನಯವಾದ ಉಪ್ಪುಕಾಗದದಿಂದ ಆ ಹೊಳಪನ್ನು ತೆಗೆದು, ಜೇನುಮೇಣವನ್ನು ತೆಳುವಾಗಿ ಸವರಿ ಹತ್ತಿಯ ಬಟ್ಟೆಯಿಂದ ಒರಸಿದೆ. ಮರ ಮರವಾಗಿ ಕಂಡಿತು. ನೀರಿನೊಳಗಿರುವ ಭಾಗಕ್ಕೆ ಮಾತ್ರ ಮಾಸಲು ಬಿಳಿಯ ಬಣ್ಣ ಕೊಟ್ಟೆ. ಮರ ಕೊರೆಯುವ ಹುಳುವಿನಿಂದ ತಳವನ್ನು ಕಾಯುವುದಕ್ಕಾಗಿ ಸುಣ್ಣಕ್ಕೆ ಕೊಬ್ಬನ್ನು ಕಲಸಿ ಬಳಿಯುವುದು ನಮ್ಮ ಕಡಲತೀರದ ಪೂರ್ವಪದ್ಧತಿ. ಕ್ಷಣದಲ್ಲಿ ಹಿಡಿಯುವ ಗೋಂದನ್ನು ಬಣ್ಣದ ಕೆಲಸ ಮುಗಿದ ಮೇಲೆ ಬಳಸಬಾರದೆಂಬುದನ್ನೂ ಆಗಲೇ ಕಲಿತೆ. ಅದರ ಆವಿ ಸುತ್ತಲಿನ ಕಪ್ಪು ಮರದ ಮೇಲೆ ಬೂದಿಯಂತಹ ಬಿಳಿಯ ಪೊರೆಯನ್ನು ಬಿಡುತ್ತದೆ. ಮರಗೋಂದು ತಡವಾಗಿ ಹಿಡಿದರೂ ನಿಷ್ಕಳಂಕ.

ಹಾಯಿಯ ವಿಷಯದಲ್ಲಿ ಬಟ್ಟೆಗಿಂತ ಬಟ್ಟೆಯ ದಪ್ಪವೇ ತೊಡಕು. ನಿಜವಾದ ಹಾಯಿಯ ಬಟ್ಟೆ ಒಂದು ಮಿಲಿಮೀಟರ್ ದಪ್ಪವೆಂದು ಇಟ್ಟುಕೊಂಡರೂ ನಮ್ಮ ಅಳತೆಗೆ ಅದು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗವಾಗಬೇಕು; ಅಂತಹ ಬಟ್ಟೆ ಎಲ್ಲಿಯೂ ಸಿಗದು. ಸಿಕ್ಕುವುದರಲ್ಲಿ ಅತ್ಯಂತ ತೆಳುವಾದ ಮಲ್ಲು ಬಟ್ಟೆಯನ್ನು ತಂದು, ಕಾಫಿಯ ಡಿಕಾಕ್ಷನ್ನನ್ನು ತಿಳಿಯಾಗಿಸಿ ಅದರಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದೆ. ಒಂದು ಹಾಯಿಯನ್ನು ಬಿಚ್ಚಿ ತೋರಿಸಿ, ಇನ್ನೊಂದನ್ನು ಅಡ್ಡಮರಕ್ಕೆ ಸುತ್ತಿ ಕಟ್ಟಬೇಕೆಂಬುದು ನನ್ನ ಯೋಜನೆ. ಪೂರ್ಣ ಅಳತೆಯ ಬಟ್ಟೆಯನ್ನು ಸುತ್ತಿದಾಗ ಅದು ಹಾಸಿಗೆಯ ಸುರುಳಿಯಂತೆ ಉಬ್ಬಿತು. ಬಟ್ಟೆಯ ಮೂರನೆಯ ಒಂದು ಪಾಲನ್ನಷ್ಟೇ ಉಳಿಸಿಕೊಂಡು ಮತ್ತೆ ಸುತ್ತಿದಾಗ ಅದು ಸರಿಯಾದ ಹಾಯಿಯಾಯಿತು. ಪ್ರತಿಕೃತಿಯಲ್ಲಿ ಸತ್ಯವಾಗಿ ಕಾಣುವುದಕ್ಕೆ ಕೆಲವೆಡೆ ವಸ್ತುವನ್ನು ಕಡಿಮೆ ಮಾಡಲೇಬೇಕೆಂಬ ತತ್ತ್ವ ಹೀಗೆ ಕೈಗೆ ಸಿಕ್ಕಿತು. ಆದರೆ ಅದರ ಪೂರ್ಣ ಅರ್ಥ ಇನ್ನೂ ಮನಸ್ಸಿಗೆ ಸಿಕ್ಕಿರಲಿಲ್ಲ.

ಹಗ್ಗಗಳ ಸರದಿ ಬಂದುದು ಏಪ್ರಿಲಿನಲ್ಲಿ. ಹಾಯಿಹಡಗೆಂದರೆ ಬಲೆಯಂತೆ ಹೆಣೆದ ಹಗ್ಗಗಳೇ ನನ್ನ ಕಣ್ಣಮುಂದೆ ಇದ್ದುವು. ಕ್ಯಾಲೆಂಡರುಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಂಡ ಐರೋಪ್ಯ ನೌಕೆಗಳ ಚಿತ್ರಗಳು ಕಲಿಸಿದ ರೂಪ ಅದು. ಹತ್ತಿಯ ನೂಲನ್ನು ಜೇನುಮೇಣದ ಮೇಲೆ ಎಳೆದು, ಅದರ ಜುಂಗನ್ನು ದೀಪದ ಜ್ವಾಲೆಯ ಮೇಲೆ ಹಾಯಿಸಿ ನೀಗಿಸಿ, ಕೂವೆಮರಗಳ ಇಕ್ಕೆಲಗಳಲ್ಲಿಯೂ ಏಣಿಯಂತೆ ಮೆಟ್ಟಿಲುಗಂಟುಗಳನ್ನು ಹಾಕಿ, ಮೊತ್ತದಲ್ಲಿ 42 ಹಗ್ಗಗಳನ್ನು ಕಟ್ಟಿದೆ. ಮೇ ತಿಂಗಳ ಒಣಬಿಸಿಲಿನಲ್ಲಿ ಅವನ್ನೆಲ್ಲ ವೀಣೆಯ ತಂತಿಯಂತೆ ಬಿಗಿದೆ. ಬಿಗಿಯೇ ಅಚ್ಚುಕಟ್ಟುತನವೆಂದು ನಂಬಿದ ಫಿಟ್ಟರನ ಕೈ ಅದು.

ಜುಲೈ ತಿಂಗಳಲ್ಲಿ, ಮೂರು ದಿನ ಬಿಡದೆ ಸುರಿದ ಜಡಿಮಳೆಯ ಮರುದಿನ ಕೋಣೆಗೆ ಹೋಗಿ ನೋಡಿದರೆ, ಮುಂದಿನ ಕೂವೆಮರ ತುದಿಯಲ್ಲಿ ಬಿಲ್ಲಿನಂತೆ ಬಾಗಿ ಬುಡದಲ್ಲಿ ಸೀಳಿತ್ತು. ನಾರಿನ ಹುರಿ ತೇವವನ್ನು ಹೀರಿದಾಗ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತದೆ. 42 ಹುರಿಗಳು ಒಟ್ಟಾಗಿ ಕುಗ್ಗಿದರೆ ಬೆರಳುಗಾತ್ರವೂ ಇಲ್ಲದ ಮರ ಅದನ್ನು ತಾಳಲಾರದು. ಅಂದು ಆ ಕೋಣೆಯ ಬಾಗಿಲು ಹಾಕಿಕೊಂಡು ಬಂದವನು ಹದಿನೈದು ದಿನ ಅತ್ತ ಹೋಗಲಿಲ್ಲ.

ಮತ್ತೆ ಆ ಬಾಗಿಲು ತೆರೆಯುವಂತೆ ಮಾಡಿದವರು ನೆರೆಮನೆಗೆ ಮಗಳನ್ನು ನೋಡಲು ಬಂದಿದ್ದ ಗಂಗೊಳ್ಳಿಯ ಕಡೆಯ ವೃದ್ಧರೊಬ್ಬರು. ಬಾಲ್ಯದಲ್ಲಿ ಹಾಯಿಯ ಸರಕುನೌಕೆಗಳಲ್ಲಿ ದುಡಿದವರೆಂದು ತಿಳಿದು ಅವರನ್ನು ಕರೆತಂದೆ. ಮುರಿದ ಕೂವೆಮರವನ್ನು ಅವರು ಗಮನಿಸಲೇ ಇಲ್ಲ. ಏಣಿಯಂತೆ ಹೆಣೆದ ಹಗ್ಗಗಳ ಮೇಲೆ ಬೆರಳಿಟ್ಟು, "ಇದಕ್ಕ್ ಎಂತ ಕೆಲ್ಸ ಮಾರಾಯ್ರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದನ್ನು ಮುಟ್ಟಿ ಅದನ್ನೇ ಕೇಳಿದರು; ಮತ್ತೊಂದನ್ನು ಮುಟ್ಟಿದರು. ಆ ಪ್ರಶ್ನೆಯಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ; ತನಗೆ ತಿಳಿಯದ ಯಾವುದೋ ಕೆಲಸ ಆ ಹಗ್ಗಕ್ಕಿರಬಹುದೆಂಬ ಜಿಜ್ಞಾಸೆ ಮಾತ್ರ ಇತ್ತು.

ಬಳಿಕ ಅವರು ನಿಧಾನವಾಗಿ ವಿವರಿಸಿದರು. ಪತ್ತೆಮಾರಿಯ ಕೂವೆಮರಕ್ಕೆ ಪಕ್ಕದಿಂದ ಆಸರೆ ಕೊಡುವ ಹಗ್ಗಗಳು ಸ್ಥಿರವಲ್ಲ. ಗಾಳಿ ಬರುವ ಕಡೆಗೆ ಮಾತ್ರ ಬಿಗಿದು, ನೌಕೆಯ ಮಗ್ಗುಲು ಬದಲಾದಾಗ ಬಿಚ್ಚಿ ಆ ಕಡೆಗೆ ಒಯ್ಯುತ್ತಾರೆ. ಬಿಚ್ಚಿ ಒಯ್ಯುವ ಹಗ್ಗಕ್ಕೆ ಮೆಟ್ಟಿಲು ಕಟ್ಟುವುದು ಹೇಗೆ? ಅಡ್ಡಮರವನ್ನು ಎತ್ತುವ ದಪ್ಪ ಹಗ್ಗ ಕೂವೆಮರದ ತುದಿಯ ಕಪ್ಪಿಯ ಮೇಲೆ ಹಾದು ಹಿಂದಕ್ಕೆ ಇಳಿಯುವುದರಿಂದ ಅದೇ ಕೂವೆಮರವನ್ನು ಹಿಂದಿನಿಂದಲೂ ಹಿಡಿಯುತ್ತದೆ. ಅದಕ್ಕೆ ಬೇರೊಂದು ಆಸರೆ ಬೇಡ. ಕೂವೆಮರ ಮುಂದಕ್ಕೆ ಬಾಗಿರುವುದು ಚೆಲುವಿಗಲ್ಲ, ಭಾರವಾದ ಅಡ್ಡಮರ ಅದಕ್ಕೆ ತಾಗದೆ ತೂಗಲೆಂದು. ಮಳೆಗಾಲದಲ್ಲಿ ನೌಕೆಯನ್ನು ದಡಕ್ಕೆ ಎಳೆದು, ಹಗ್ಗಗಳನ್ನೆಲ್ಲ ಬಿಚ್ಚಿ, ಗರಿಯ ಮಾಡು ಹೊದಿಸುತ್ತಾರೆ. ನಾನು ಕಟ್ಟಿದ ಏಣಿಗಳು ಮತ್ತೊಂದು ದೇಶದ, ಮತ್ತೊಂದು ಬಗೆಯ ಹಾಯಿಯ, ಮತ್ತೊಂದು ಬಗೆಯ ಗಾಳಿಯ ಉತ್ತರಗಳು. ನನ್ನ ನೌಕೆ ಆ ಪ್ರಶ್ನೆಗಳನ್ನು ಕೇಳಿಯೇ ಇರಲಿಲ್ಲ.

ಅಂದು ರಾತ್ರಿಯೇ ಕತ್ತರಿ ಹಿಡಿದು ಎಲ್ಲ ಹಗ್ಗಗಳನ್ನೂ ತೆಗೆದೆ. ಹೊಸ ಕೂವೆಮರವನ್ನು ಹಚ್ಚಿ, ಈ ಸಲ ಒಂದೊಂದು ಹಗ್ಗವನ್ನೂ ಅದರ ಕೆಲಸವನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಕಟ್ಟಿದೆ. ಒಂದು ಕೂವೆಮರಕ್ಕೆ ಎಂಟು: ಅಡ್ಡಮರವನ್ನು ಎತ್ತುವುದೊಂದು, ಅದನ್ನು ಕೂವೆಮರಕ್ಕೆ ತಬ್ಬಿಸುವುದೊಂದು, ಅದರ ಮುಂದುಗಡೆಯ ಬುಡವನ್ನು ಕೆಳಗೆ ಹಿಡಿಯುವುದೊಂದು, ತುದಿಯನ್ನು ಇಕ್ಕಡೆಗೂ ನಿಯಂತ್ರಿಸುವ ಎರಡು, ಹಾಯಿಯ ಹಿಂದಿನ ಮೂಲೆಯನ್ನು ಎಳೆಯುವುದೊಂದು, ಗಾಳಿಯ ಮಗ್ಗುಲಿನ ಆಸರೆಗಳು ಎರಡು. ಎರಡು ಕೂವೆಮರಗಳಿಗೆ ಹದಿನಾರು, ಲಂಗರಿನದೊಂದು, ಚುಕ್ಕಾಣಿಯವು ಎರಡು. ಕಟ್ಟುವ ಕ್ರಮವನ್ನೂ ಬದಲಾಯಿಸಿದೆ: ಕಪ್ಪಿಗಳನ್ನೂ ಹಾಯಿಯನ್ನೂ ಅಡ್ಡಮರಕ್ಕೆ ಮೇಜಿನ ಮೇಲೆಯೇ ಜೋಡಿಸಿ ಬಳಿಕ ಏರಿಸುವುದು, ನಡುವಿನಿಂದ ಅಂಚಿಗೆ, ಕೆಳಗಿನಿಂದ ಮೇಲಕ್ಕೆ ಸಾಗುವುದು, ಭಾರ ಹೊರುವ ಹಗ್ಗವನ್ನು ಮಾತ್ರ ನೇರವಾಗಿಸಿ ಉಳಿದವನ್ನು ತುಸು ಜೋಲಾಗಿಯೇ ಬಿಡುವುದು. ಜೋಲಿಗೂ ಅಲ್ಲಿ ಅರ್ಥವಿದೆ; ಗಾಳಿಯ ಕಡೆಯ ಹಗ್ಗ ಬಿಗಿದು ಮರೆಯ ಕಡೆಯದು ಸಡಿಲವಾಗಿದ್ದರೆ, ಕಾಣದ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದನ್ನು ನೋಡುವವನು ತಾನೇ ಅರಿಯುತ್ತಾನೆ.

ಕೊನೆಗೆ ಉಳಿದುದು ಸರಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಆ ಕೆಂಪು ಹೆಂಚುಗಳು ಕಡಲ ಮಾರ್ಗವಾಗಿ ದೂರದೂರಕ್ಕೆ ಹೋದುವು. ನನ್ನ ಪತ್ತೆಮಾರಿಯಲ್ಲಿಯೂ ಅವೇ ಇರಲೆಂದು ಬಯಸಿದೆ. ಬಣ್ಣದ ಕಾಗದ ಸಾಕಾಗಿತ್ತು. ಆದರೆ ಕುಂಬಾರಕೊಪ್ಪಲಿನಲ್ಲಿ ಕುಳಿತು ಹೆಂಚನ್ನು ಕಾಗದದಲ್ಲಿ ಮಾಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಮಣ್ಣಿನ ಕೆಲಸ ಬಲ್ಲ ಹಿರಿಯ ತಾಯಿಯೊಬ್ಬರು ಸೋಸಿದ ಜೇಡಿಯನ್ನು ಒಂದು ಮುಷ್ಟಿ ಕೊಟ್ಟು, "ಮಣ್ಣು ಒಣಗಿದ್ರೆ ಕುಗ್ತದೆ, ಸುಟ್ರೆ ಇನ್ನೂ ಕುಗ್ತದೆ, ಮೊದ್ಲೇ ಲೆಕ್ಕ ಇಟ್ಕೊಳಿ ಸ್ವಾಮಿ" ಎಂದರು. ಎಂಟು ಮಿಲಿಮೀಟರ್ ಉದ್ದ, ಐದು ಮಿಲಿಮೀಟರ್ ಅಗಲ ಬರಬೇಕಾದ ಹೆಂಚನ್ನು ಹತ್ತರಲ್ಲೊಂದು ಪಾಲಿನಷ್ಟು ದೊಡ್ಡದಾಗಿ ಕೊಯ್ದು ಸುಟ್ಟಾಗ, ಅಳತೆ ಸರಿಹೋಯಿತು. ಜುಲೈನಲ್ಲಿ ಹುರಿಯ ಕುಗ್ಗುವಿಕೆಯನ್ನು ಮುಂದಾಗಿ ಎಣಿಸದೆ ಕೂವೆಮರವನ್ನು ಕಳೆದುಕೊಂಡವನಿಗೆ ಆ ತಾಯಿಯ ಮಾತು ಎಷ್ಟು ಆಳದಿಂದ ಬಂದುದೆಂದು ತಿಳಿಯದಿರಲು ಸಾಧ್ಯವೇ?

ಆ ವರ್ಷದ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲ ಮೇಲೆ ಪತ್ತೆಮಾರಿಯನ್ನು ಇಟ್ಟೆವು. ಗೊಂಬೆ ನೋಡಲು ಬಂದ ಮಕ್ಕಳು ಬೆರಳು ತೋರಿಸಿ, ಇದು ಏನು, ಅದು ಏಕೆ ಎಂದು ಕೇಳಿದರು. ಒಂದು ಪ್ರಶ್ನೆಗಾದರೂ ಉತ್ತರವಿಲ್ಲದೆ ನಿಲ್ಲುವ ಪ್ರಸಂಗ ನನಗೆ ಬರಲಿಲ್ಲ. ಈ ಕೆಲಸಕ್ಕೆ ತೊಡಗುವವರಲ್ಲಿ ನನ್ನದೊಂದೇ ಪ್ರಾರ್ಥನೆ: ಕೊನೆಯ ವಿವರಗಳಿಗೆ ಬಂದಾಗ ಇನ್ನೇನನ್ನು ಸೇರಿಸಲಿ ಎಂದು ಯೋಚಿಸಬೇಡಿ, ಕೈಯಲ್ಲಿರುವುದಕ್ಕೆ ಏನು ಕೆಲಸವೆಂದು ಕೇಳಿಕೊಳ್ಳಿ, ಉತ್ತರ ಬಾರದಿದ್ದರೆ ಅದನ್ನು ಮೇಜಿನ ಮೇಲೆಯೇ ಬಿಡಿ. ನನ್ನ ನೌಕೆಯಲ್ಲಿ ಮೊದಲು 42 ಹಗ್ಗಗಳಿದ್ದುವು. ಈಗ ಇರುವುದು 19.